ತೆರಿಗೆ, ಕನಿಷ್ಠ ವೇತನ, ಕೆಲಸ: ಈ ವಾದವನ್ನು ಸರಿಯಾಗಿ ಮಾಡುವುದು ಹೇಗೆ

ಕಳೆದ ಮೇ ತಿಂಗಳಲ್ಲಿ ಶಿರಸಿಯಲ್ಲಿ ನಮ್ಮ ಕಡೆಯದೇ ಒಂದು ಮದುವೆ. ಊಟ ಮುಗಿದು ಎಲ್ಲರೂ ಕವಳ (ಎಲೆ ಅಡಿಕೆ) ಹಾಕುತ್ತ ಕೂತಿದ್ದರು. ಅಂಕೋಲಾ ಕಡೆ ಸಣ್ಣ ಗೇರುಬೀಜ ಕಾರ್ಖಾನೆ ನಡೆಸುವ ನನ್ನ ಸೋದರಮಾವ, "ಸರ್ಕಾರ ಹೀಗೇ ಕೂಲಿ ಏರಿಸ್ತಾ ಹೋದ್ರೆ ನಾವು ಬಾಗಿಲು ಹಾಕೋದೇ" ಅಂದರು. ಧಾರವಾಡದಲ್ಲಿ ಓದುವ ನನ್ನ ಚಿಕ್ಕಮ್ಮನ ಮಗ ತಕ್ಷಣ, "ದೊಡ್ಡ ಕಂಪನಿಗಳಿಗೆ ತೆರಿಗೆ ಇಳಿಸಿದ್ರಲ್ಲ ಮಾವ, ಎಷ್ಟು ಜನರಿಗೆ ಕೆಲಸ ಸಿಕ್ತು?" ಅಂದ. ಅರ್ಧ ಗಂಟೆ ಗಲಾಟೆ. ಕೊನೆಗೆ ಮಾವ ಎದ್ದು ಹೋದರು, ಹುಡುಗ ಮುಖ ಊದಿಸಿಕೊಂಡು ಕೂತ. ಇಬ್ಬರ ಮಾತಲ್ಲೂ ಹುರುಳಿತ್ತು. ಆದರೆ ಒಬ್ಬರೂ ಇನ್ನೊಬ್ಬರನ್ನು ಒಂದು ಪ್ರಶ್ನೆ ಕೇಳಲಿಲ್ಲ.

ನಾನು ಕಾರವಾರದಲ್ಲಿ ಸಣ್ಣ ಅಂಗಡಿ, ಖಾನಾವಳಿ, ಹೋಂಸ್ಟೇಗಳ ಲೆಕ್ಕ ಬರೆಯುತ್ತೇನೆ. ಮಾಲೀಕರ ಜಿಎಸ್‌ಟಿ ತುಂಬುವವಳೂ ನಾನೇ, ಕೆಲಸಗಾರರ ಸಂಬಳದ ಪಟ್ಟಿ ಬರೆಯುವವಳೂ ನಾನೇ. ಹಾಗಾಗಿ ಈ ಜಗಳ ನನಗೆ ಎರಡೂ ಕಡೆಯಿಂದ ಕೇಳಿಸುತ್ತದೆ. ಈ ವಾದವನ್ನು ಹೇಗೆ ಮಾಡಿದರೆ ಎರಡೂ ಕಡೆಯವರಿಗೆ ಏನಾದರೂ ಗೊತ್ತಾಗುತ್ತದೆ ಅಂತ ನಾನು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಚರ್ಚಾ ಸ್ಪರ್ಧೆಗೂ ಆಗುತ್ತದೆ, ಮದುವೆ ಮನೆಗೂ ಆಗುತ್ತದೆ.

ಮೊದಲು ಕೇಳಿ: ಯಾವ ತೆರಿಗೆ?

"ತೆರಿಗೆ ಜಾಸ್ತಿ ಆದರೆ ಕೆಲಸ ಹೋಗುತ್ತದೆ" ಅಂತ ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ, ಅಲ್ಲಗಳೆಯಲೂ ಬೇಡಿ. ಯಾವ ತೆರಿಗೆ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಅರ್ಧ ಜಗಳ ಇಳಿದುಹೋಗುತ್ತದೆ.

ಒಂದು ಖಾನಾವಳಿಯ ಉದಾಹರಣೆ ಹಿಡಿದುಕೊಳ್ಳಿ. ಇದು ಯಾರ ಖಾನಾವಳಿಯೂ ಅಲ್ಲ, ಲೆಕ್ಕಕ್ಕೆ ನಾನೇ ಕಟ್ಟಿದ್ದು. ದಿನಕ್ಕೆ 120 ಮೀನೂಟ, ಊಟಕ್ಕೆ 150 ರೂಪಾಯಿ, ತಿಂಗಳಿಗೆ 26 ದಿನ ವ್ಯಾಪಾರ. ತಿಂಗಳ ವ್ಯಾಪಾರ 4,68,000 ರೂಪಾಯಿ. ವರ್ಷಕ್ಕೆ 56 ಲಕ್ಷ ದಾಟುತ್ತದೆ. ಆರು ಜನ ಕೆಲಸಕ್ಕಿದ್ದಾರೆ, ತಲೆಗೆ ತಿಂಗಳ ಸಂಬಳ 12,000.

ಈ ಮಾಲೀಕರು "ಇನ್‌ಕಮ್ ಟ್ಯಾಕ್ಸ್ ಕೊಟ್ಟು ಸಾಕಾಯ್ತು" ಅಂದರೆ ಲೆಕ್ಕ ಬೇರೆಯೇ ಹೇಳುತ್ತದೆ. 2 ಕೋಟಿಯೊಳಗಿನ ವ್ಯಾಪಾರಕ್ಕೆ ಅಂದಾಜು ಆದಾಯದ ಪದ್ಧತಿ ಇದೆ. ವ್ಯಾಪಾರದ ಶೇ 8ರಷ್ಟನ್ನು, ಹಣ ಬ್ಯಾಂಕ್ ಮೂಲಕವೋ ಯುಪಿಐ ಮೂಲಕವೋ ಬಂದಿದ್ದರೆ ಶೇ 6ರಷ್ಟನ್ನು, ಲಾಭ ಅಂತ ತೋರಿಸಿದರೆ ಸಾಕು. ಶೇ 8 ಅಂತಲೇ ಹಿಡಿದರೂ ನಾಲ್ಕೂವರೆ ಲಕ್ಷದ ಆಸುಪಾಸು. 2025-26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ (ನ್ಯೂ ಟ್ಯಾಕ್ಸ್ ರೆಜೀಮ್) 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಆದರೆ ಇದೇ ಮಾಲೀಕರು ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ಒಂದೇ ದರದಲ್ಲಿ ಕಟ್ಟುವ ಪದ್ಧತಿಯಲ್ಲಿ, ಇದ್ದರೆ ವ್ಯಾಪಾರದ ಮೇಲೆ ಶೇ 5 ಕಟ್ಟಬೇಕು. ಅದನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ವಸೂಲಿ ಮಾಡುವ ಹಾಗೂ ಇಲ್ಲ. ತಿಂಗಳಿಗೆ 23,400 ರೂಪಾಯಿ. ಲಾಭ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಅವರ ಹೊಟ್ಟೆಯುರಿ ಸುಳ್ಳಲ್ಲ, ಹೇಳುವ ತೆರಿಗೆಯ ಹೆಸರು ಮಾತ್ರ ತಪ್ಪು.

ಈ ವ್ಯತ್ಯಾಸವೇ ವಾದದ ಬೇರು. ಲಾಭದ ಮೇಲಿನ ತೆರಿಗೆ ಒಂದು, ವ್ಯಾಪಾರದ ಮೇಲಿನ ತೆರಿಗೆ ಇನ್ನೊಂದು. ಕಂಪನಿಯೊಂದು ಪೂರ್ತಿ ಲೆಕ್ಕ ಬರೆದು ಲಾಭದ ಮೇಲೆ ತೆರಿಗೆ ಕಟ್ಟುವುದಾದರೆ ಸಂಬಳವನ್ನು ಮೊದಲೇ ಖರ್ಚಿನಲ್ಲಿ ಕಳೆದಿರುತ್ತಾರೆ. ತಿಂಗಳಿಗೆ 15,000 ಸಂಬಳ ಪಡೆಯುವವನು 20,000 ದುಡಿದು ಕೊಡುವುದಾದರೆ, ಲಾಭದ ತೆರಿಗೆ ಶೇ 22 ಇದ್ದರೂ ಶೇ 30 ಇದ್ದರೂ ಅವನನ್ನು ಇಟ್ಟುಕೊಳ್ಳುವುದರಲ್ಲಿ ಲಾಭವೇ. ಹಾಗಂತ ಲಾಭದ ತೆರಿಗೆಗೂ ಕೆಲಸಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಹೊಸ ಕಾರ್ಖಾನೆ ಹಾಕಬೇಕೋ ಬೇಡವೋ, ಹಾಕಿದರೆ ಯಾವ ಊರಲ್ಲಿ ಅನ್ನುವ ಕಡೆ ಅದರ ಪ್ರಭಾವ ಇರುತ್ತದೆ. ಅದು ಗೊತ್ತಾಗಲು ವರ್ಷಗಳು ಬೇಕು.

ಟ್ರೇಡ್ ಲೈಸೆನ್ಸ್, ಆಸ್ತಿ ತೆರಿಗೆ, ವೃತ್ತಿ ತೆರಿಗೆ ಕೂಡ ಇವೆ. ಇಲ್ಲಿ ಒಂದು ಮಾತು ಸಾಕು: ವೃತ್ತಿ ತೆರಿಗೆ ನಮ್ಮ ರಾಜ್ಯದಲ್ಲಿ ಸಂಬಳಕ್ಕೆ ದುಡಿಯುವವರ ಪೈಕಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಜಾಸ್ತಿ ಪಡೆಯುವವರಿಗೆ ಮಾತ್ರ. ಕನಿಷ್ಠ ವೇತನದ ವಾದಕ್ಕೆ ಅದನ್ನು ಎಳೆದು ತರಬೇಡಿ.

2019ರ ಉದಾಹರಣೆಯನ್ನು ಎಚ್ಚರದಿಂದ ಬಳಸಿ

ನನ್ನ ಚಿಕ್ಕಮ್ಮನ ಮಗ ಎತ್ತಿದ್ದು ಇದನ್ನೇ. 2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿಗಳ ತೆರಿಗೆ ಇಳಿಸಿದ್ದನ್ನು ಪ್ರಕಟಿಸಿದರು. ಪ್ರಕಟಿಸಿದ್ದು ನಮ್ಮ ಪಕ್ಕದ ಗೋವಾದಲ್ಲಿ, ಜಿಎಸ್‌ಟಿ ಕೌನ್ಸಿಲ್ ಸಭೆಗೆ ಅಂತ ಬಂದಾಗ. ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ದರ ಶೇ 30ರಿಂದ 22ಕ್ಕೆ ಇಳಿಯಿತು, ಹೊಸದಾಗಿ ಶುರುವಾಗುವ ತಯಾರಿಕಾ ಕಂಪನಿಗಳಿಗೆ ಶೇ 15. ಸರ್ಕಾರ ಆಗ ಹೇಳಿದ ಪ್ರಕಾರ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಟ್ಟ ಹಾಗೆ.

ಫಲ? 2023-24ರ ಆರ್ಥಿಕ ಸಮೀಕ್ಷೆಯೇ ಹೇಳುತ್ತದೆ: 2020ರಿಂದ 2023ರ ನಡುವೆ ಕಂಪನಿಗಳ ತೆರಿಗೆ ಮುಂಚಿನ ಲಾಭ ಸುಮಾರು ನಾಲ್ಕು ಪಟ್ಟಾಯಿತು, ನೇಮಕಾತಿ ಮತ್ತು ಸಂಬಳ ಆ ವೇಗದಲ್ಲಿ ಏರಲಿಲ್ಲ. ಹುಡುಗ ಇಲ್ಲಿಗೇ ನಿಲ್ಲಿಸಿದ. ಆದರೆ ಪ್ರಾಮಾಣಿಕವಾಗಿ ವಾದ ಮಾಡುವವರು ಇನ್ನೊಂದು ಹೆಜ್ಜೆ ಇಡಬೇಕು. ತೆರಿಗೆ ಇಳಿದ ಆರೇ ತಿಂಗಳಿಗೆ ಲಾಕ್‌ಡೌನ್ ಬಂತು. ಯಾವುದು ತೆರಿಗೆಯ ಫಲ, ಯಾವುದು ಕೊರೊನಾದ ಫಲ ಅಂತ ಬಿಡಿಸುವುದು ಕಷ್ಟ. "ಅಂದುಕೊಂಡಷ್ಟು ಕೆಲಸ ಹುಟ್ಟಿದ್ದು ಕಾಣುತ್ತಿಲ್ಲ" ಅಂತ ಹೇಳಬಹುದು. "ತೆರಿಗೆ ಇಳಿಸಿದರೆ ಕೆಲಸ ಹುಟ್ಟುವುದೇ ಇಲ್ಲ ಅಂತ ಸಾಬೀತಾಯಿತು" ಅಂತ ಹೇಳುವ ಹಾಗಿಲ್ಲ. ಈ ಎರಡು ವಾಕ್ಯದ ನಡುವಿನ ಅಂತರ ಗೊತ್ತಿರುವವರ ಜೊತೆ ಮಾತಾಡುವುದೇ ಒಂದು ಸುಖ.

ಇನ್ನೊಂದು ವಿಷಯ. ಆ ಇಳಿಕೆ ಸಿಕ್ಕಿದ್ದು ಕಂಪನಿಗಳಿಗೆ. ಕಾರವಾರ, ಕುಮಟಾ, ಶಿರಸಿ ಪೇಟೆಯಲ್ಲಿ ನಾನು ಲೆಕ್ಕ ಬರೆಯುವ ಅಂಗಡಿಗಳು ಹೆಚ್ಚುಕಡಿಮೆ ಎಲ್ಲವೂ ಒಬ್ಬರದೇ ಹೆಸರಿನವು, ಇಲ್ಲ ಪಾಲುದಾರಿಕೆಯವು. ಅವರಿಗೆ ಶೇ 22ರ ದರ ಅನ್ವಯಿಸುವುದೇ ಇಲ್ಲ. ನಮ್ಮ ಮಾವನಿಗೂ ಇಲ್ಲ. ಹುಡುಗ ಯಾರಿಗೋ ಸಿಕ್ಕಿದ್ದಕ್ಕೆ ಮಾವನ ಹತ್ತಿರ ಲೆಕ್ಕ ಕೇಳಿದ ಹಾಗಾಯಿತು. ಅವರು ಎದ್ದು ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಕೂಲಿಯ ವಿಷಯ: ಕಾನೂನು ಎಲ್ಲಿ ತಾಗುತ್ತದೆ ನೋಡಿ

ಕನಿಷ್ಠ ವೇತನದ ಕಾನೂನು 1948ರದು. 2019ರಲ್ಲಿ ಅದರ ಜಾಗಕ್ಕೆ ವೇತನ ಸಂಹಿತೆ ಬಂತು, ಅದು ಜಾರಿಯಾಗಿದ್ದು 2025ರ ನವೆಂಬರ್ 21ರಿಂದ. ಹಳೆಯ ಕಾನೂನು ಪಟ್ಟಿಯಲ್ಲಿದ್ದ ಕೆಲಸಗಳಿಗೆ ಮಾತ್ರ ಇತ್ತು, ಹೊಸದು ಎಲ್ಲ ಕೆಲಸಗಾರರಿಗೂ. ನಮ್ಮಲ್ಲಿ ಕೆಲಸ ಯಾವುದು, ಕುಶಲತೆ ಎಷ್ಟು, ಊರು ಯಾವ ವಲಯದಲ್ಲಿದೆ ಅನ್ನುವುದರ ಮೇಲೆ ದರ ಬೇರೆ ಬೇರೆ. ಜೊತೆಗೆ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಬದಲಾಗುತ್ತದೆ. ಹಾಗಾಗಿ "ಕರ್ನಾಟಕದ ಕನಿಷ್ಠ ವೇತನ ಇಷ್ಟು" ಅಂತ ಒಂದೇ ಅಂಕಿ ಹೇಳುವವರನ್ನು ಕಂಡರೆ ಯಾವ ಕೆಲಸಕ್ಕೆ, ಯಾವ ವಲಯಕ್ಕೆ ಅಂತ ಕೇಳಿ.

ಆಮೇಲೆ ಕೇಳಬೇಕಾದ್ದು, ಮಾರುಕಟ್ಟೆಯಲ್ಲಿ ಈಗ ಸಿಗುತ್ತಿರುವ ಕೂಲಿ ಕಾನೂನಿನ ದರಕ್ಕಿಂತ ಮೇಲಿದೆಯೋ ಕೆಳಗಿದೆಯೋ? ಮೇಲಿದ್ದರೆ ಕಾನೂನು ಆ ಕೆಲಸಕ್ಕೆ ತಾಗುವುದೇ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳನ್ನೇ ನೋಡಿ. ಕೊನೆಗೌಡ ಮರ ಹತ್ತಿ ಅಡಿಕೆಯ ಗೊನೆ ಇಳಿಸಲು ಕೇಳುವ ಕೂಲಿ ಸರ್ಕಾರದ ದರಕ್ಕಿಂತ ಎಷ್ಟೋ ಮೇಲೆ. ಕೊಡುತ್ತೇವೆ ಅಂದರೂ ಕೊಯ್ಲಿನ ಹೊತ್ತಿಗೆ ಜನ ಸಿಗುವುದಿಲ್ಲ, ಯಾಕೆಂದರೆ ಎಲ್ಲ ತೋಟಕ್ಕೂ ಒಂದೇ ಸಲ ಬೇಕು, ಹತ್ತಲು ಕಲಿಯುವ ಹುಡುಗರು ಕಡಿಮೆ, ಬಿದ್ದರೆ ಜೀವವೇ ಹೋಗುತ್ತದೆ. ಕೆಳಗೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದ್ದು, ಮೆಟ್ಟುಗತ್ತಿಯ ಜಾಗಕ್ಕೆ ಅಡಿಕೆ ಸುಲಿಯುವ ಯಂತ್ರ ಬಂದಿದ್ದು ಜನ ಸಿಗದೆ. "ಸರ್ಕಾರ ಕೂಲಿ ಏರಿಸಿದ್ದಕ್ಕೆ ಯಂತ್ರ ಬಂತು" ಅಂತ ತೋಟದ ಉದಾಹರಣೆ ಕೊಡುವವರಿಗೆ ಇದನ್ನು ಮೆಲ್ಲಗೆ ನೆನಪಿಸಿ.

ಕಾನೂನು ತಾಗುವ ಜಾಗಗಳು ಬೇರೆ. ಬಟ್ಟೆ ಅಂಗಡಿಯ ಹುಡುಗಿಯರು, ಲಾಡ್ಜಿನಲ್ಲಿ ರೂಮು ಗುಡಿಸುವವರು, ಸೆಕ್ಯುರಿಟಿಯವರು, ಗೇರುಬೀಜ ಒಡೆಯುವ, ಸಿಪ್ಪೆ ತೆಗೆಯುವ ಹೆಂಗಸರು. ವಾದ ಮಾಡುವುದಾದರೆ ಇವರ ಕೆಲಸದ ಬಗ್ಗೆ ಮಾಡಿ. ಹಳ್ಳಿಯಲ್ಲಿ ಇವರಿಗೆ ಇನ್ನೊಂದು ಅಳತೆಗೋಲೂ ಇತ್ತು: ನರೇಗಾ ಕೂಲಿ. ನಮ್ಮ ರಾಜ್ಯದಲ್ಲಿ 2024-25ರಲ್ಲಿ ದಿನಕ್ಕೆ 349, 2025-26ರಲ್ಲಿ 370 ರೂಪಾಯಿ. "ಅಲ್ಲಿ ಅಷ್ಟು ಸಿಗುತ್ತೆ, ಇಲ್ಲಿ ಯಾಕೆ ಕಡಿಮೆ" ಅಂತ ಕೇಳಲು ಅದೊಂದು ಆಧಾರ.

ಇಲ್ಲಿ ನನ್ನದೇ ಒಂದು ಮಾತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೊಂದು ಅಂಗಡಿಯಲ್ಲಿ ಕೆಲಸ ಮಾಡಿದ್ದೆ. ರಿಜಿಸ್ಟರಿನಲ್ಲಿ ಒಂದು ಮೊತ್ತಕ್ಕೆ ಸಹಿ, ಕೈಗೆ ಬರುತ್ತಿದ್ದದ್ದು ಅದರ ಮುಕ್ಕಾಲು ಭಾಗ. ಆಗ ಕೇಳಲು ಧೈರ್ಯ ಇರಲಿಲ್ಲ. ಈಗಲೂ ಆ ಸಹಿ ನೆನಪಾದರೆ ಸಂಕಟ ಆಗುತ್ತದೆ. ವಾದಕ್ಕೂ ಇದು ಮುಖ್ಯ. ಕಾಗದದ ಮೇಲೆ ಮಾತ್ರ ಇರುವ ಕೂಲಿ ಯಾರ ಕೆಲಸವನ್ನೂ ಕಳೆಯುವುದಿಲ್ಲ, ಯಾರ ಬಡತನವನ್ನೂ ನೀಗುವುದಿಲ್ಲ. ಆದ್ದರಿಂದ "ಕೂಲಿ ಏರಿತು, ಏನೂ ಆಗಲಿಲ್ಲ" ಅಂದಾಗ ನಿಜವಾಗಿ ಕೈಗೆ ಸಿಕ್ಕಿತೋ ಅಂತ ಮೊದಲು ಕೇಳಿ.

ಒಂದು ಅಂಗಡಿಯ ಚೀಟಿ ಬರೆಯಿರಿ

ನನ್ನ ಅನುಭವದಲ್ಲಿ ಹತ್ತು ಭಾಷಣಕ್ಕಿಂತ ಒಂದು ಚೀಟಿಯ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ. ಮೇಲಿನ ಖಾನಾವಳಿಗೇ ಬನ್ನಿ. ಆರು ಜನರಿಗೂ ಸಂಬಳ 12,000ದಿಂದ 14,000ಕ್ಕೆ ಏರಿತು ಅಂದುಕೊಳ್ಳಿ. ತಿಂಗಳಿಗೆ 12,000 ರೂಪಾಯಿ ಜಾಸ್ತಿ ಖರ್ಚು. ತಿಂಗಳ ಊಟ 3,120. ಒಂದು ಊಟಕ್ಕೆ ಬೀಳುವುದು ನಾಲ್ಕು ರೂಪಾಯಿಗಿಂತ ಸ್ವಲ್ಪ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಮಳೆಗಾಲದಲ್ಲಿ ಬಂಗಡೆ, ಇಸ್ವಾಣದ ರೇಟು ಏರುವುದಕ್ಕೆ ಹೋಲಿಸಿದರೆ ಈ ನಾಲ್ಕು ರೂಪಾಯಿ ಏನೂ ಅಲ್ಲ. ಊಟ 155 ಮಾಡಿದರೆ ಗಿರಾಕಿ ಬಿಟ್ಟು ಹೋಗುವುದು ಕಷ್ಟ, ಅದೂ ಎಲ್ಲ ಖಾನಾವಳಿಗೂ ಒಂದೇ ದರ ಏರಿದ್ದರೆ. ಇಲ್ಲಿ ಕೂಲಿ ಏರಿಕೆಗೆ ಕೆಲಸ ಹೋಗುತ್ತದೆ ಅನ್ನುವ ವಾದ ನಿಲ್ಲುವುದಿಲ್ಲ.

ಮಾವನ ಗೇರುಬೀಜದ ಚೀಟಿ ಹೀಗಲ್ಲ. ಅವರ ಖರ್ಚಿನಲ್ಲಿ ದೊಡ್ಡದು ಹಸಿಬೀಜದ್ದು. ದೇಶದ ಕಾರ್ಖಾನೆಗಳಿಗೆ ಬೇಕಾದ ಬೀಜದಲ್ಲಿ ದೊಡ್ಡ ಪಾಲು ಆಫ್ರಿಕಾದಿಂದ ಬರುತ್ತದೆ, ಅದರ ಬೆಲೆ ಅವರ ಕೈಯಲ್ಲಿಲ್ಲ. ಮಾರುವ ಬೆಲೆಯೂ ಕೈಯಲ್ಲಿಲ್ಲ, ಗೇರುಬೀಜ ರಫ್ತಿನಲ್ಲಿ ವಿಯೆಟ್ನಾಂ ಮುಂದಿದೆ, ಅಲ್ಲಿ ಯಂತ್ರಗಳು ಹೆಚ್ಚು. ನಡುವೆ ಅವರ ಕೈಗೆ ಸಿಗುವುದು ಒಂದೇ, ಕೂಲಿ. ಹಾಗಾಗಿ ಕೂಲಿಯ ಮಾತು ಬಂದ ಕೂಡಲೇ ಅವರಿಗೆ ಸಿಟ್ಟು ಬರುತ್ತದೆ. ಹೆದರಿಕೆಗೆ ಕಾರಣವೂ ಇದೆ. ಕೇರಳದ ಕೊಲ್ಲಂ ಸುತ್ತಮುತ್ತ ಕೂಲಿ ದರ ಏರಿದಾಗ ಗೇರುಬೀಜದ ಕೆಲಸದ ಒಂದು ಪಾಲು ಗಡಿ ದಾಟಿ ತಮಿಳುನಾಡಿಗೆ ಹೋಗಿದ್ದು ಆ ಉದ್ಯಮದಲ್ಲಿರುವವರಿಗೆಲ್ಲ ಗೊತ್ತು. ಖಾನಾವಳಿ ಗಡಿ ದಾಟಿ ಹೋಗುವುದಿಲ್ಲ, ಯಾಕೆಂದರೆ ಉಣ್ಣುವವರು ಇಲ್ಲೇ ಇದ್ದಾರೆ. ಬೀಜದ ಮೂಟೆ ಹೋಗುತ್ತದೆ.

ಆದರೆ ಇದಕ್ಕೂ ಒಂದು ಎದುರು ಮಾತಿದೆ, ಅದನ್ನೂ ಚೀಟಿಯಲ್ಲಿ ಬರೆಯಿರಿ. ಒಂದು ಊರಲ್ಲಿ ಹೆಂಗಸರಿಗೆ ನಡೆದು ಹೋಗುವಷ್ಟು ದೂರದಲ್ಲಿ ಕೆಲಸ ಕೊಡುವವರು ಒಬ್ಬರೇ ಇದ್ದರೆ, ಕೂಲಿ ಮೊದಲಿನಿಂದಲೇ ಇರಬೇಕಾದ್ದಕ್ಕಿಂತ ಕಡಿಮೆ ಇರುತ್ತದೆ. ಬೇರೆ ದಾರಿ ಇಲ್ಲದವರು ಕೊಟ್ಟಷ್ಟಕ್ಕೆ ಬರುತ್ತಾರೆ. ಅಂಥ ಕಡೆ ಕಾನೂನು ಕೂಲಿಯನ್ನು ಸ್ವಲ್ಪ ಏರಿಸಿದರೆ ಕೆಲಸ ಕಡಿಮೆಯಾಗುವ ಬದಲು ಮನೆಯಲ್ಲಿ ಕೂತವರೂ ಕೆಲಸಕ್ಕೆ ಹೊರಡಬಹುದು, ಬಿಟ್ಟು ಹೋಗುವವರೂ ಕಡಿಮೆಯಾಗಬಹುದು.

ಚೀಟಿಯಲ್ಲಿ ಇನ್ನೂ ಒಂದು ಸಾಲು ಬೇಕು. ಹತ್ತು ಜನ ಆದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ಇಪ್ಪತ್ತು ಆದರೆ ಪಿಎಫ್ (ಭವಿಷ್ಯ ನಿಧಿ). ಇಎಸ್‌ಐಗೆ ಮಾಲೀಕರು ಸಂಬಳದ ಶೇ 3.25 ಕಟ್ಟಬೇಕು, ಕೆಲಸಗಾರರು ಶೇ 0.75. ಒಂಬತ್ತು ಜನಕ್ಕೆ ನಿಲ್ಲಿಸಿಕೊಂಡ ಅಂಗಡಿಗಳನ್ನು ನಾನು ನೋಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಅವರಿಗೆ ಹೆದರಿಕೆ ಶೇ 3.25ರದ್ದಲ್ಲ, ತಿಂಗಳು ತಿಂಗಳು ತುಂಬಬೇಕಾದ ಲೆಕ್ಕದ್ದು. ಅದನ್ನು ಸುಲಭ ಮಾಡಿದರೆ ಕೆಲಸ ಹುಟ್ಟುತ್ತದೆ, ಕೂಲಿ ಇಳಿಸಬೇಕಾಗಿಲ್ಲ. ಈ ಮಾತನ್ನು ನಾನು ಎರಡೂ ಕಡೆಯವರಿಗೆ ಒತ್ತಿ ಹೇಳುತ್ತೇನೆ.

ಗಡಿಯ ಎರಡೂ ಕಡೆ ನೋಡುವ ಅಭ್ಯಾಸ

ಕಾರವಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಾಜಾಳಿ ದಾಟಿದರೆ ಗೋವಾದ ಪೋಳೆಂ, ಅಲ್ಲಿ ಪೆಟ್ರೋಲ್ ರೇಟು ಬೇರೆ, ಕೂಲಿ ಬೇರೆ. ಬೆಳಿಗ್ಗೆ ಗೋವಾಕ್ಕೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು ನಮ್ಮ ಓಣಿಯಲ್ಲೇ ಇದ್ದಾರೆ. ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಚ್ಚು ಚರ್ಚೆಯಾದ ಅಧ್ಯಯನ ಮಾಡಿದ್ದೂ ಹೀಗೇ ಒಂದು ಗಡಿಯಲ್ಲಿ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25ರಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಏರಿಕೆಗೆ ಮುಂಚೆ ಎಷ್ಟು ಜನ ಇದ್ದರು, ಆಮೇಲೆ ಎಷ್ಟು ಜನ ಅಂತ ಕೇಳಿ 1994ರಲ್ಲಿ ಪ್ರಕಟಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಲ್ಲಿಗೇ ಮುಗಿಯಲಿಲ್ಲ. ನ್ಯೂಮಾರ್ಕ್ ಮತ್ತು ವಾಷರ್ ಎಂಬ ಇಬ್ಬರು ಫೋನಿನಲ್ಲಿ ಕೇಳಿದ ಅಂಕಿ ಸಾಲದು ಅಂತ ಅಂಗಡಿಗಳ ಸಂಬಳದ ಪಟ್ಟಿಯನ್ನೇ ತರಿಸಿ ನೋಡಿ, ಕೆಲಸ ಕಡಿಮೆಯಾಗಿದೆ ಅಂದರು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಗೆದ್ದವರು ಯಾರು ಅನ್ನುವುದಲ್ಲ. ಎರಡೂ ಕಡೆಯವರು ಅಂಗಡಿ ಅಂಗಡಿಯ ಲೆಕ್ಕ ತೆಗೆದು ಎಣಿಸಿದರು.

ನೀವು ಗೋವಾ ಮತ್ತು ಕಾರವಾರ ಹೋಲಿಸುವಾಗಲೂ ಅದೇ ಉಪಾಯ ಬಳಸಿ. "ಗೋವಾದಲ್ಲಿ ಕೂಲಿ ಜಾಸ್ತಿ, ಕೆಲಸವೂ ಜಾಸ್ತಿ, ಹಾಗಾದರೆ ಕೂಲಿ ಏರಿಸಿದರೆ ಕೆಲಸ ಬರುತ್ತದೆ" ಅನ್ನುವುದು ತಪ್ಪು ಲೆಕ್ಕ. ಅಲ್ಲಿಗೆ ಬರುವ ಪ್ರವಾಸಿಗರೇ ಬೇರೆ, ಕೈಗಾರಿಕೆಗಳೇ ಬೇರೆ. ನೋಡಬೇಕಾದ್ದು ಒಂದು ಕಡೆ ದರ ಬದಲಾದ ಮೇಲೆ ಆ ಕಡೆ ಎಷ್ಟು ಬದಲಾಯಿತು, ಬದಲಾಗದ ಈ ಕಡೆ ಅದೇ ಸಮಯದಲ್ಲಿ ಎಷ್ಟು ಬದಲಾಯಿತು, ಎರಡರ ನಡುವಿನ ವ್ಯತ್ಯಾಸ ಎಷ್ಟು ಅಂತ.

ಏರಿಕೆ ಎಷ್ಟು ದೊಡ್ಡದು ಅನ್ನುವುದನ್ನೂ ಬಿಡಬೇಡಿ. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2019ರಲ್ಲಿ, ಕನಿಷ್ಠ ವೇತನವನ್ನು 2025ರ ಹೊತ್ತಿಗೆ 15 ಡಾಲರ್‌ಗೆ ಏರಿಸಿದರೆ ಏನಾಗಬಹುದು ಅಂತ ಅಂದಾಜು ಮಾಡಿತು. ಆಗ ಅಲ್ಲಿನ ಕೇಂದ್ರದ ದರ 7.25, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ ಏರಿಕೆ. ನಡುವಿನ ಅಂದಾಜಿನಲ್ಲಿ 13 ಲಕ್ಷ ಕೆಲಸ ಹೋಗುತ್ತದೆ, 1.7 ಕೋಟಿ ಜನರ ಸಂಬಳ ಏರುತ್ತದೆ, 13 ಲಕ್ಷ ಜನ ಬಡತನದಿಂದ ಮೇಲೆ ಬರುತ್ತಾರೆ. ಒಂದು ಕಡೆಯವರು ಮೊದಲ ಅಂಕಿ ಹೇಳಿದರು, ಇನ್ನೊಂದು ಕಡೆಯವರು ಉಳಿದೆರಡನ್ನು. ನೀವು ಮೂರನ್ನೂ ಹೇಳಿ. ಕೆಲಸ ಕಳೆದುಕೊಳ್ಳುವ ಒಬ್ಬಳ ಕಷ್ಟವನ್ನು ಸಂಬಳ ಏರಿದ ಹದಿಮೂರು ಜನರ ನೆಮ್ಮದಿಯ ಜೊತೆ ಹೇಗೆ ತೂಗಬೇಕು ಅನ್ನುವುದು ಲೆಕ್ಕದ ಪ್ರಶ್ನೆ ಅಲ್ಲ. ಅಲ್ಲಿ ನಿಮ್ಮ ಮನಸ್ಸು ಯಾವ ಕಡೆ ಅಂತ ನೇರವಾಗಿ ಹೇಳಿಬಿಡಿ, ಅಂಕಿಯ ಹಿಂದೆ ಅಡಗಬೇಡಿ.

ಮಾತಿನ ರೀತಿ

ಮಾಲೀಕರನ್ನು ಕೂಲಿ ನುಂಗುವವರು ಅನ್ನಬೇಡಿ, ಕೆಲಸಗಾರರನ್ನು ಸೋಮಾರಿಗಳು ಅನ್ನಬೇಡಿ. ಆ ಎರಡು ಮಾತು ಬಂದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಿರಿಯರ ಜೊತೆ ಮಾತಾಡುವಾಗ "ನೀವು ಹೇಳೋದು ತಪ್ಪು" ಅನ್ನುವ ಬದಲು "ಮಾವ, ನಿಮ್ಮಲ್ಲಿ ಒಂದು ಕಿಲೋ ಬೀಜಕ್ಕೆ ಕೂಲಿ ಎಷ್ಟು ಬೀಳುತ್ತೆ?" ಅಂತ ಕೇಳಿ. ಅವರಿಗೆ ಗೊತ್ತಿರುವುದನ್ನು ಕೇಳಿದರೆ ಅವರು ಹೇಳುತ್ತಾರೆ. ಕೆಲಸಗಾರರನ್ನು ಮಾಲೀಕರ ಎದುರು ಕೇಳಬೇಡಿ, ಎದುರಿಗಿದ್ದರೆ ಎಲ್ಲವೂ ಸರಿ ಅಂತಲೇ ಉತ್ತರ ಬರುತ್ತದೆ. ಇನ್ನು "ಏನು ಕಂಡರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ?" ಅಂತ ಒಮ್ಮೆ ಕೇಳಿ, ಅದಕ್ಕೆ ನಿಮ್ಮ ಉತ್ತರವನ್ನೂ ಮೊದಲೇ ತಯಾರು ಮಾಡಿಟ್ಟುಕೊಳ್ಳಿ.

ಮದುವೆಯಾದ ಎರಡು ವಾರಕ್ಕೆ ನಾನು ಅಂಕೋಲಾಕ್ಕೆ ಹೋಗಿ ಮಾವನನ್ನು ಇದನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೂಲಿ ಏರಿಸಿದ ಮೇಲೂ ಹೆಂಗಸರು ಅಷ್ಟೇ ಜನ ಇದ್ದು, ಇಡಿ ಬೀಜ ಜಾಸ್ತಿ ಬಂದು ಹೋಳು ಕಡಿಮೆ ಆದ್ರೆ ಒಪ್ತೇನೆ ಕೂಸೇ" ಅಂದರು. ಇಡಿ ಬೀಜಕ್ಕೆ ಬೆಲೆ ಜಾಸ್ತಿ, ಕೈ ಪಳಗಿದವರು ಬಿಟ್ಟು ಹೋಗದಿದ್ದರೆ ಹೋಳಾಗುವುದು ಕಡಿಮೆ. ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಮೂರು ಗೆರೆ ಎಳೆದೆವು: ಜನ ಎಷ್ಟು, ದಿನದ ಕೂಲಿ ಎಷ್ಟು, ನೂರು ಕಿಲೋಗೆ ಇಡಿ ಬೀಜ ಎಷ್ಟು. ಪ್ರತಿ ಶನಿವಾರ ಅವರು ಬರೆದು ಫೋಟೊ ಕಳಿಸುತ್ತಾರೆ. ಧಾರವಾಡದ ಹುಡುಗನಿಗೂ ಅದೇ ಫೋಟೊ ಹೋಗುತ್ತದೆ.